ಬೀಜ, ಪ್ರಯೋಗಾಲಯ ಮತ್ತು ಒಕ್ಕಲಗಿತ್ತಿ: ಮುಂಬಯಿಯ ನೆಲೆಯಿಂದ ಒಂದು ವಿವೇಚನೆ

1

ಮುಂಬಯಿ ಮಹಾನಗರವು ತನ್ನ ಅನ್ನಕ್ಕೆ ಹೊರಗಿನ ನೆಲವನ್ನು ನಂಬಿಕೊಂಡು ಬದುಕುವ ಊರು. ಘಟ್ಟದ ಮೇಲಿನ ಜೋಳ, ಕೊಂಕಣದ ಅಕ್ಕಿ, ವಸಯಿಯ ತರಕಾರಿ, ದೂರದ ಬಯಲುಗಳ ಗೋಧಿ, ಬೇಳೆಕಾಳುಗಳು ದಿನದಿನವೂ ಬಂದು ಸೇರದಿದ್ದರೆ ಇಲ್ಲಿನ ಒಲೆ ಉರಿಯದು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಈ ನಗರದಲ್ಲಿ ಪಡಿತರ ಪದ್ಧತಿಯನ್ನು ಜಾರಿಗೆ ತರಬೇಕಾಯಿತು. ಅದೇ ವರ್ಷ ಬಂಗಾಳದ ಕ್ಷಾಮವು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಧಾನ್ಯವು ದೇಶದಲ್ಲಿ ಇರುವುದು ಬೇರೆ, ಹಸಿದವನ ತಟ್ಟೆಗೆ ಅದು ತಲುಪುವುದು ಬೇರೆ ಎಂಬ ಕಟುಸತ್ಯವನ್ನು ಆ ವರ್ಷ ಕಲಿಸಿತು. 1996ರಲ್ಲಿ ರೋಮ್ ನಗರದಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯು ‘ಆಹಾರ ಭದ್ರತೆ’ಯನ್ನು ನಿರೂಪಿಸುವಾಗ ಈ ಅಂಶವನ್ನೇ ಒತ್ತಿ ಹೇಳಿತು. ಎಲ್ಲ ಜನರಿಗೂ ಎಲ್ಲ ಕಾಲದಲ್ಲೂ ಸಾಕಷ್ಟು, ಸುರಕ್ಷಿತ ಹಾಗೂ ಪೌಷ್ಟಿಕವಾದ ಆಹಾರ ಕೈಗೆಟುಕಬೇಕೆಂಬುದು ಅದರ ತಿರುಳು.

ಹೀಗೆ ಹೊರಗಿನಿಂದ ಉಣ್ಣುವ ಮುಂಬಯಿ, ಹೊರಗಿನ ಹೊಲಗಳಿಗೆ ತನ್ನ ಪಾಲಿನದೊಂದನ್ನು ಹಿಂದಿರುಗಿಸಿದೆ. ಅದು ಸಂಶೋಧನೆ. ಮಾಟುಂಗದಲ್ಲಿ 1924ರಲ್ಲಿ ಆರಂಭವಾದ ಹತ್ತಿಯ ಪ್ರಯೋಗಾಲಯ, ವರ್ಸೋವಾದಲ್ಲಿ 1961ರಿಂದ ನಡೆದುಬಂದಿರುವ ಮೀನುಗಾರಿಕೆಯ ಶಿಕ್ಷಣ ಸಂಸ್ಥೆ, ಟ್ರಾಂಬೆಯ ಅಣು ಸಂಶೋಧನ ಕೇಂದ್ರ ಹಾಗೂ ಕೋಟೆ ಪ್ರದೇಶದ ವಿಜ್ಞಾನ ಸಂಸ್ಥೆಗಳು ಇದಕ್ಕೆ ಸಾಕ್ಷಿ. ಇವುಗಳಲ್ಲಿ ಕೊನೆಯ ಎರಡನ್ನು ಆಧಾರವಾಗಿಟ್ಟುಕೊಂಡು, ಪ್ರಯೋಗಾಲಯದ ಅರಿವಿಗೂ ಒಕ್ಕಲುತನದ ಹೆಣ್ಣಿನ ಅರಿವಿಗೂ ನಡುವೆ ಇರುವ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ವಿಜ್ಞಾನಕ್ಕೆ ಮಾತ್ರ ಸೇರಿದ ವಿಷಯವೆಂದು ಭಾಷಾ ವಿದ್ಯಾರ್ಥಿಗಳು ಬದಿಗಿರಿಸುವಂತಿಲ್ಲ. ಇದರಲ್ಲಿ ಹೆಸರಿನ ಪ್ರಶ್ನೆ ಅಡಗಿದೆ.

2

ಮೊದಲು ಆ ಹೆಸರನ್ನೇ ಗಮನಿಸಬಹುದು. ಇಂದು ಬಳಕೆಯಲ್ಲಿರುವ ‘ರೈತ’ ಎಂಬ ಪದ ಅರಬ್ಬಿ ಮೂಲದ್ದು. ಕಂದಾಯದ ಆಡಳಿತದೊಡನೆ ಕನ್ನಡಕ್ಕೆ ಬಂದು ನೆಲೆಯೂರಿದ್ದು. ಸರಕಾರಕ್ಕೆ ತೆರಿಗೆ ಕಟ್ಟುವ ಪ್ರಜೆ ಎಂಬ ಅರ್ಥ ಅದರ ಬೆನ್ನಿಗಿದೆ. ಕಂದಾಯದ ಕಡತದಲ್ಲಿ ಹೆಸರಿದ್ದವನು ರೈತ. ಆ ಹೆಸರು ಸಾಮಾನ್ಯವಾಗಿ ಗಂಡಸಿನದಾದ್ದರಿಂದ ಹೆಣ್ಣು ‘ರೈತನ ಹೆಂಡತಿ’ಯಾಗಿ ಉಳಿದಳು. ‘ರೈತ ಮಹಿಳೆ’ ಎಂಬ ಇತ್ತೀಚಿನ ಜೋಡುನುಡಿಯಲ್ಲಿಯೂ ಈ ತೊಡಕು ಮರೆಯಾಗಿಲ್ಲ.

ಕನ್ನಡದ ಹಳೆಯ ಮಾತು ‘ಒಕ್ಕಲು’. ನೆಲಸುವುದು, ಮನೆ, ಕುಟುಂಬ, ಗೇಣಿಗೆ ನೆಲ ಮಾಡುವವರು ಎಂಬ ಹಲವು ಅರ್ಥಗಳು ಅದರಲ್ಲಿ ಕೂಡಿವೆ. ‘ಒಕ್ಕಲುತನ’ವೆಂದರೆ ಒಬ್ಬನ ವೃತ್ತಿ ಎನ್ನುವುದಕ್ಕಿಂತ ಒಂದು ಮನೆಯ ಬಾಳುವೆ. ಹೂವಾಡಗಿತ್ತಿ, ಸೂಲಗಿತ್ತಿ ಎಂಬಂತೆಯೇ ‘ಒಕ್ಕಲಗಿತ್ತಿ’ ಎಂಬ ರೂಪವೂ ಆಡುನುಡಿಯಲ್ಲಿ ಉಂಟು. ಒಕ್ಕಲು ಎಂಬುದರಿಂದ ಹುಟ್ಟಿದ ಕೆಲವು ಪದಗಳು ಇಂದು ಜಾತಿವಾಚಕವಾಗಿಯೂ ಬಳಕೆಯಾಗುತ್ತಿರುವುದರಿಂದ, ಇಲ್ಲಿ ಆ ರೂಪವನ್ನು ಕಸುಬಿನ ಅರ್ಥದಲ್ಲಿ ಮಾತ್ರ ಗ್ರಹಿಸಬೇಕು. ಬಿತ್ತುವಾಗ ಕೂರಿಗೆಯ ಬಟ್ಟಲಿಗೆ ಹದವರಿತು ಕಾಳು ಬಿಡುವ ಕೈ ಹಲವೆಡೆ ಹೆಣ್ಣಿನದು. ಕಳೆ ಕೀಳುವುದು, ಕೊಯ್ಯುವುದು, ಕೇರುವುದು, ಮುಂದಿನ ವರ್ಷದ ಬಿತ್ತನೆಗೆ ಒಳ್ಳೆಯ ತೆನೆಯನ್ನು ಆರಿಸಿ ಬೂದಿ, ಬೇವಿನೆಲೆ ಬೆರೆಸಿ ಕಾಪಾಡುವುದು ಬಹುಮಟ್ಟಿಗೆ ಅವಳ ಹೊಣೆ. ಕರಾವಳಿಯ ಮನೆಗಳ ಭತ್ತದ ಮುಡಿ, ಬಯಲುಸೀಮೆಯ ಗುಡಾಣ, ಹಗೇವುಗಳ ಲೆಕ್ಕ ಅವಳ ನೆನಪಿನಲ್ಲಿತ್ತು. ಹೀಗಿದ್ದೂ ಕೃಷಿ ಸಂಶೋಧನೆಯ ಚರಿತ್ರೆಯನ್ನು ಬರೆಯುವಾಗ ಈ ಕೈಗಳ ಹೆಸರು ಬರುವುದು ವಿರಳ.

3

ಪ್ರಯೋಗಾಲಯದೊಳಗೂ ಹೆಣ್ಣಿಗೆ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಕಮಲಾ ಭಾಗವತ್, ಮದುವೆಯ ಬಳಿಕ ಕಮಲಾ ಸೊಹೊನಿ, ಇದಕ್ಕೆ ಪ್ರಸಿದ್ಧ ನಿದರ್ಶನ. ಮರಾಠಿಯ ಹಿರಿಯ ಲೇಖಕಿ, ಜಾನಪದ ವಿದ್ವಾಂಸೆ ದುರ್ಗಾ ಭಾಗವತ್ ಅವರ ಸೋದರಿಯಾದ ಇವರು 1911ರಲ್ಲಿ ಜನಿಸಿದರು. ಮುಂಬಯಿ ವಿಶ್ವವಿದ್ಯಾಲಯದ ಪದವಿಯನ್ನು ಪಡೆದು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರು ಒಪ್ಪಲಿಲ್ಲ. ಕಮಲಾ ಪಟ್ಟುಹಿಡಿದ ಮೇಲೆ, ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನೊಡನೆ ಪ್ರವೇಶ ದೊರೆಯಿತು. ಅಲ್ಲಿ ಅವರು ಹಾಲು ಮತ್ತು ದ್ವಿದಳ ಧಾನ್ಯಗಳ ಸಸಾರಜನಕಗಳನ್ನು ಕುರಿತು ಅಭ್ಯಾಸ ನಡೆಸಿದರು. ಅವರ ಕೆಲಸವನ್ನು ಕಂಡ ಬಳಿಕ ಆ ಸಂಸ್ಥೆಯು ವಿದ್ಯಾರ್ಥಿನಿಯರನ್ನು ಸೇರಿಸಿಕೊಳ್ಳತೊಡಗಿತು. 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಮರಳಿದ ಅವರು, ದೆಹಲಿ ಮತ್ತು ಕೂನೂರುಗಳಲ್ಲಿ ಕೆಲಸ ಮಾಡಿ, 1949ರಲ್ಲಿ ಮುಂಬಯಿಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗವನ್ನು ಸೇರಿದರು. ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು. ಆರೇ ಹಾಲಿನ ಯೋಜನೆಗೂ ಅವರ ಸಲಹೆ ದೊರೆಯಿತು.

ಮುಂಬಯಿಯಲ್ಲಿ ಅವರೂ ಅವರ ಶಿಷ್ಯರೂ ಕೈಗೆತ್ತಿಕೊಂಡ ವಸ್ತುಗಳು ಬಡವರ ತಟ್ಟೆಯವು. ತಾಳೆ, ಈಚಲು ಜಾತಿಯ ಮರಗಳಿಂದ ಇಳಿಸುವ, ಹುಳಿಯುವ ಮೊದಲಿನ ಸಿಹಿರಸವಾದ ನೀರಾ ಅವುಗಳಲ್ಲೊಂದು. ಅದರ ಪೌಷ್ಟಿಕ ಗುಣಗಳನ್ನು ಅಳೆದು, ಅಪೌಷ್ಟಿಕತೆಯಿಂದ ಬಳಲುವ ಆದಿವಾಸಿ ಮಕ್ಕಳಿಗೂ ಗರ್ಭಿಣಿಯರಿಗೂ ಅದು ಪೂರಕ ಆಹಾರವಾಗಬಲ್ಲುದೆಂದು ಅವರು ತೋರಿಸಿದರು.

ಕನ್ನಡ ಓದುಗರಿಗೆ ಇನ್ನೂ ಹತ್ತಿರದ ವಿಷಯವೆಂದರೆ ಅವರೆ. 1955ರಲ್ಲಿ ಸೊಹೊನಿಯವರು ಸಹೋದ್ಯೋಗಿಯೊಬ್ಬರೊಡನೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಬರಹವು ಅವರೆಯಿಂದ ಬೇರ್ಪಡಿಸಿದ ಒಂದು ವಸ್ತುವನ್ನು ಕುರಿತದ್ದು. ಉಂಡ ಸಸಾರಜನಕವನ್ನು ಅರಗಿಸುವ ಟ್ರಿಪ್ಸಿನ್ ಎಂಬ ಕಿಣ್ವಕ್ಕೆ ಆ ವಸ್ತು ಅಡ್ಡಿಯಾಗುತ್ತದೆ. ಕಾಳಿನಲ್ಲಿ ಸಸಾರಜನಕ ಹೇರಳವಾಗಿದ್ದರೂ ಹಸಿಯಾಗಿ ತಿಂದರೆ ಅದು ಪೂರ್ತಿ ಮೈಗೆ ಹತ್ತದು. ಕಾಯಿಸಿದರೆ ಈ ತಡೆಯ ಶಕ್ತಿ ಕುಗ್ಗುತ್ತದೆ.

ಈಗ ಅಡುಗೆಮನೆಯ ಕಡೆ ನೋಡಬೇಕು. ಹಳೆಯ ಮೈಸೂರು ಸೀಮೆಯ ಹೆಣ್ಣುಮಕ್ಕಳು ಅವರೆಕಾಳನ್ನು ನೆನೆಸಿ, ನೀರು ಚೆಲ್ಲಿ, ಒಂದೊಂದನ್ನೂ ಹಿಸುಕಿ ಸಿಪ್ಪೆ ತೆಗೆದು, ಚೆನ್ನಾಗಿ ಬೇಯಿಸುತ್ತಾರೆ. ಕೊಂಕಣದಲ್ಲಿ ಇದೇ ಕಾಳಿಗೆ ‘ವಾಲ್’ ಎಂದು ಹೆಸರು. ಭತ್ತ ಕೊಯ್ದ ಗದ್ದೆಯ ಉಳಿದ ತೇವದಲ್ಲಿ ಅದನ್ನು ಬೆಳೆಯುತ್ತಾರೆ. ಅಲ್ಲಿನ ಹೆಂಗಸರು ಅದನ್ನು ಮೊಳಕೆ ಬರಿಸಿ, ಸಿಪ್ಪೆ ಸುಲಿದು, ‘ಬಿರಡೆ’ಯೆಂಬ ಪಲ್ಯ ಮಾಡುತ್ತಾರೆ. ಕಿಣ್ವದ ಹೆಸರು ಇವರಿಗೆ ತಿಳಿದಿರಲಿಲ್ಲ. ಆದರೆ ಕಾಳನ್ನು ಹೇಗೆ ಹದಗೊಳಿಸಿದರೆ ಮಗುವಿನ ಹೊಟ್ಟೆಗೆ ಒಗ್ಗುತ್ತದೆ ಎಂಬುದು ತಿಳಿದಿತ್ತು. ಇದನ್ನು ಉತ್ಪ್ರೇಕ್ಷೆಯಿಂದ ‘ನಮ್ಮ ಅಜ್ಜಿಯರಿಗೆ ಎಲ್ಲವೂ ಗೊತ್ತಿತ್ತು’ ಎನ್ನುವುದು ಸಲ್ಲದು. ಕಾರಣವನ್ನು ಕಂಡುಹಿಡಿದದ್ದು ಪ್ರಯೋಗಾಲಯವೇ. ಆದರೆ ಪ್ರಯೋಗಾಲಯಕ್ಕೆ ಪ್ರಶ್ನೆಯನ್ನು ಒದಗಿಸಿದ್ದು ಅಡುಗೆಮನೆ ಎಂಬುದನ್ನೂ ಮರೆಯಬಾರದು.

4

ತಟ್ಟೆಯಿಂದ ಬೀಜಕ್ಕೆ ಬಂದರೆ, ನಗರದ ಪೂರ್ವ ಉಪನಗರವಾದ ಟ್ರಾಂಬೆಗೆ ಬರಬೇಕಾಗುತ್ತದೆ. 1954ರಲ್ಲಿ ಆರಂಭವಾಗಿ 1967ರಲ್ಲಿ ಹೋಮಿ ಭಾಭಾ ಅವರ ಹೆಸರನ್ನು ಪಡೆದ ಅಣು ಸಂಶೋಧನ ಕೇಂದ್ರವು ವಿದ್ಯುತ್ತಿಗೂ ಅಸ್ತ್ರಕ್ಕೂ ಮಾತ್ರ ಸಂಬಂಧಿಸಿದ್ದೆಂಬ ಭಾವನೆ ವ್ಯಾಪಕವಾಗಿದೆ. ಅಲ್ಲಿ ಬೀಜಗಳನ್ನು ವಿಕಿರಣಕ್ಕೆ ಒಡ್ಡಿ ಹೊಸ ತಳಿಗಳನ್ನು ರೂಪಿಸುವ ಕೆಲಸವೂ ಐದಾರು ದಶಕಗಳಿಂದ ನಡೆದಿದೆ. ಇದನ್ನು ಉತ್ಪರಿವರ್ತನೆಯ ತಳಿಸಾಧನೆ ಎನ್ನಬಹುದು. ವಿಕಿರಣ ತಾಗಿದ ಬೀಜದ ಸಂತತಿಯಲ್ಲಿ ಅನುವಂಶಿಕ ಬದಲಾವಣೆಗಳು ತೋರುತ್ತವೆ. ಅವುಗಳಲ್ಲಿ ಹೆಚ್ಚಿನವು ನಿರುಪಯುಕ್ತ. ಸಾವಿರಾರು ಗಿಡಗಳ ನಡುವೆ ಉಪಯುಕ್ತವಾದ ಒಂದನ್ನು ಆರಿಸಿ, ತಲೆಮಾರುಗಳವರೆಗೆ ಬೆಳೆಸಿ, ಬೇರೆ ತಳಿಗಳೊಡನೆ ಸಂಕರಗೊಳಿಸಿ ಸ್ಥಿರಗೊಳಿಸಬೇಕು. ಹೀಗೆ ಬಂದ ತಳಿಯನ್ನು ಉಂಡವರಿಗೆ ವಿಕಿರಣ ತಾಗುವುದಿಲ್ಲವೆಂಬುದನ್ನು ಸ್ಪಷ್ಟಪಡಿಸುವುದು ಅಗತ್ಯ.

ಇಲ್ಲಿಯ ಮುಖ್ಯ ಬೆಳೆ ಶೇಂಗಾ. ‘ಸ್ಪ್ಯಾನಿಷ್ ಇಂಪ್ರೂವ್ಡ್’ ಎಂಬ ತಳಿಗೆ ಕ್ಷ-ಕಿರಣ ತಾಗಿಸಿ ಆರಂಭಿಸಿದ ಕೆಲಸದ ಫಲವಾಗಿ 1973ರಲ್ಲಿ ಟಿ.ಜಿ.-1 ಎಂಬ ದಪ್ಪಕಾಳಿನ ತಳಿ ಹೊರಬಂದಿತು. 1991ರಲ್ಲಿ ಬಂದ ಟಿ.ಎ.ಜಿ.-24 ಗಿಡ್ಡ ಗಿಡದ, ಹೆಚ್ಚು ಇಳುವರಿಯ ತಳಿಯೆಂದು ಹಲವು ರಾಜ್ಯಗಳಲ್ಲಿ ಹೆಸರಾಯಿತು. 1985ರ ಟಿ.ಎ.ಯು.-1 ಎಂಬ ಉದ್ದಿನ ತಳಿ ಮಹಾರಾಷ್ಟ್ರದ ಉದ್ದಿನ ಕ್ಷೇತ್ರದ ಬಹುಭಾಗವನ್ನು ಒಂದು ಕಾಲಕ್ಕೆ ಆವರಿಸಿತ್ತು. ಉದ್ದಿಲ್ಲದೆ ಇಡ್ಲಿ, ದೋಸೆಗಳಿಲ್ಲ. ಮಾಟುಂಗದ ಉಡುಪಿ ಹೊಟೇಲುಗಳನ್ನು ಬಲ್ಲ ಮುಂಬಯಿ ಕನ್ನಡಿಗರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಇಂದು ಟ್ರಾಂಬೆಯ ತಳಿಗಳ ಸಂಖ್ಯೆ ಅರುವತ್ತನ್ನು ಮೀರಿದೆ. ಹೆಸರುಗಳ ಅಕ್ಷರಗಳು ಸಹ ಗಮನಾರ್ಹ. ಟಿ.ಎ.ಜಿ. ಎಂದರೆ ಟ್ರಾಂಬೆ, ಅಕೋಲಾ, ಶೇಂಗಾ. ಟಿ.ಡಿ.ಜಿ.-39 ಎಂಬುದರಲ್ಲಿ ಟ್ರಾಂಬೆಯ ಪಕ್ಕದಲ್ಲಿ ನಿಂತಿರುವುದು ಧಾರವಾಡ. ಮುಂಬಯಿಯ ಪ್ರಯೋಗಾಲಯವೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೂಡಿ ಕೆಲಸ ಮಾಡಿದ ಗುರುತು ಅದು.

ವರ್ಣತಂತು ವಿಜ್ಞಾನದಲ್ಲಿ ಲೋಕಖ್ಯಾತರಾದ ಇ.ಕೆ. ಜಾನಕಿ ಅಮ್ಮಾಳ್ ಅವರು ನಿವೃತ್ತಿಯ ಬಳಿಕ ಕೆಲಕಾಲ ಟ್ರಾಂಬೆಯಲ್ಲಿ ದುಡಿದದ್ದು ಉಲ್ಲೇಖನೀಯ. ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡಿದ ಅವರು, ಸಿ.ಡಿ. ಡಾರ್ಲಿಂಗ್‌ಟನ್ ಅವರೊಡನೆ 1945ರಲ್ಲಿ ಕೃಷಿಸಸ್ಯಗಳ ವರ್ಣತಂತುಗಳ ಕೋಶವನ್ನು ಹೊರತಂದವರು. ಸಸ್ಯಗಳನ್ನು ಬಳಸಿ ಬಾಳುವ ಆದಿವಾಸಿಗಳ ಅರಿವನ್ನು ಕುರಿತೂ ಅವರಿಗೆ ಆಳವಾದ ಆಸಕ್ತಿಯಿತ್ತು.

ಶೇಂಗಾ ಹೊಲದಲ್ಲಿ ಈ ಸಂಶೋಧನೆಯ ಫಲವನ್ನು ಮೊದಲು ಕೈಯಲ್ಲಿ ಹಿಡಿಯುವವಳು ಹೆಣ್ಣು. ಚಳ್ಳಕೆರೆಯ ಸೀಮೆಯಲ್ಲಾಗಲಿ ಧಾರವಾಡದ ಸೀಮೆಯಲ್ಲಾಗಲಿ ಕಿತ್ತ ಬಳ್ಳಿಯಿಂದ ಕಾಯಿ ಬಿಡಿಸುವುದು, ಬಿತ್ತನೆಗೆ ಮುನ್ನ ಸಿಪ್ಪೆ ಸುಲಿದು ಕಾಳು ಆರಿಸುವುದು ಬಹುತೇಕ ಅವಳ ಕೆಲಸ. ಅವಳ ಕಣ್ಣಿನಿಂದ ನೋಡಿದರೆ ತಳಿಯ ಗುಣದೋಷಗಳ ಪಟ್ಟಿ ತುಸು ಬೇರೆಯಾಗುತ್ತದೆ. ಕಾಯಿಗಳು ಬುಡದಲ್ಲಿ ಗೊಂಚಲಾಗಿ ಹಿಡಿದರೆ ಬಿಡಿಸುವುದು ಹಗುರ. ಚದರಿ ಹಿಡಿದರೆ ದಿನವಿಡೀ ಕೂತರೂ ಬುಟ್ಟಿ ತುಂಬದು. ದಪ್ಪಕಾಳಿಗೆ ಪೇಟೆಯಲ್ಲಿ ಬೆಲೆ ಹೆಚ್ಚು; ಆದರೆ ಅದೇ ಎಕರೆಗೆ ಬಿತ್ತನೆಯ ಕಾಳಿನ ತೂಕವೂ ಹೆಚ್ಚಬೇಕು, ಸಾಲವೂ ಹೆಚ್ಚಬೇಕು. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಕೆಲವು ತಳಿಗಳ ಕಾಳು ನೆಲದಲ್ಲೇ ಮೊಳೆತುಬಿಡುತ್ತದೆ. ಟಿ.ಜಿ.-26ರಂಥ ತಳಿಗಳಲ್ಲಿ ಕೆಲವು ದಿನ ಮೊಳೆಯದೆ ಉಳಿಯುವ ಗುಣವನ್ನು ತಂದದ್ದು ಈ ನಷ್ಟಕ್ಕೆ ಪರಿಹಾರ. ಒಳ್ಳೆಯ ಸಂಶೋಧನೆ ಹೊಲದ ಸಂಕಟಕ್ಕೆ ಹೇಗೆ ಉತ್ತರ ಕೊಡಬಲ್ಲುದೆಂಬುದಕ್ಕೆ ಇದು ಉದಾಹರಣೆ. ಇಂಥ ಪ್ರಶ್ನೆಗಳನ್ನು ಒಕ್ಕಲಗಿತ್ತಿಯ ಬಾಯಿಂದಲೇ, ತಳಿ ಸಿದ್ಧವಾಗುವುದಕ್ಕೆ ಮೊದಲೇ ಕೇಳುವ ಕ್ರಮ ಎಷ್ಟರಮಟ್ಟಿಗೆ ಬೆಳೆದಿದೆ ಎಂಬುದೇ ವಿಚಾರಣೀಯ. ಒಂದೇ ತಳಿ ಸೀಮೆಯನ್ನೆಲ್ಲ ಆವರಿಸಿದಾಗ ಹಿಂದಿನ ಬಗೆಬಗೆಯ ಬೀಜಗಳು ಮನೆಯಿಂದ ಮರೆಯಾಗುವ ಅಪಾಯವನ್ನೂ ಮರೆಯುವಂತಿಲ್ಲ.

5

ಪ್ರಯೋಗಾಲಯಗಳ ಈ ನಗರದೊಳಗೇ ಒಕ್ಕಲುತನ ಮಾಡುವ ಹೆಣ್ಣುಮಕ್ಕಳು ಇದ್ದಾರೆ ಎಂಬುದು ಹಲವರಿಗೆ ತಿಳಿಯದು. ಗೋರೆಗಾಂವದ ಆರೇ ಹಾಲಿನ ಕಾಲೊನಿ 1949ರಲ್ಲಿ ಸ್ಥಾಪನೆಯಾಗುವುದಕ್ಕೆ ಮೊದಲಿನಿಂದಲೂ ಅಲ್ಲಿ ವಾರ್ಲಿ ಮೊದಲಾದ ಆದಿವಾಸಿಗಳ ‘ಪಾಡಾ’ಗಳಿದ್ದವು. ಮಳೆಗಾಲದಲ್ಲಿ ಅವರು ಭತ್ತ, ತರಕಾರಿ ಬೆಳೆಯುತ್ತಾರೆ. ನೆಲದ ದಾಖಲೆಗಳು ಸರಕಾರದ ಇಲಾಖೆಗಳ ಹೆಸರಿನಲ್ಲಿರುವುದರಿಂದ, ಉಳುವವರಾಗಿಯೂ ಅವರು ಕಡತದಲ್ಲಿ ರೈತರಲ್ಲ. 2019ರಲ್ಲಿ ಮೆಟ್ರೋ ನಿಲುಗಡೆಯ ಶೆಡ್ಡಿಗಾಗಿ ಅಲ್ಲಿ ಮರಗಳನ್ನು ಕಡಿದಾಗ ಇಡೀ ನಗರದ ಗಮನ ಆ ಕಡೆ ಹರಿಯಿತು. ಚರ್ಚೆ ಹೆಚ್ಚಾಗಿ ಮರಗಳನ್ನು ಕುರಿತು ನಡೆಯಿತು, ಗದ್ದೆಗಳನ್ನು ಕುರಿತು ಕಡಿಮೆ. ‘ಒಕ್ಕಲೆಬ್ಬಿಸು’ ಎಂಬ ಕನ್ನಡ ಕ್ರಿಯಾಪದವು ಮನೆಯನ್ನೂ ಬೇಸಾಯವನ್ನೂ ಒಂದೇ ಏಟಿಗೆ ಕಳೆದುಕೊಳ್ಳುವ ಸ್ಥಿತಿಯನ್ನು ಸೂಚಿಸುತ್ತದೆ. ಆರೇಯ ಭಯಕ್ಕೆ ಇದಕ್ಕಿಂತ ತಕ್ಕ ಮಾತು ದೊರೆಯದು.

ಮೊದಲ ಮಳೆಯ ಬಳಿಕ ಆದಿವಾಸಿ ಹೆಂಗಸರು ಕಾಡು, ಬೇಣಗಳಿಂದ ಸೊಪ್ಪು ತಂದು ಪೇಟೆಗಳಲ್ಲಿಯೂ ರೈಲುನಿಲ್ದಾಣಗಳ ಬಳಿಯಲ್ಲಿಯೂ ಮಾರುತ್ತಾರೆ. ಅವರು ‘ಟಾಕಳಾ’ ಎಂದು ಕರೆಯುವ ಎಳೆಸೊಪ್ಪು ಕನ್ನಡದ ತಗಚೆ, ತುಳುವಿನ ತಜಂಕ್. ಆಟಿ ತಿಂಗಳಲ್ಲಿ ಅದನ್ನು ತಪ್ಪದೆ ಉಣ್ಣುವ ಕರಾವಳಿಯ ಮನೆಗಳು ಮುಂಬಯಿಯಲ್ಲಿ ಅದನ್ನು ಇಂಥ ಹೆಂಗಸರಿಂದಲೇ ಕೊಳ್ಳುತ್ತವೆ. ‘ಕಂಟೋಲಿ’ ನಮ್ಮ ಮಾಡಹಾಗಲ. ಯಾವುದನ್ನು ಎಳೆಯದಿರುವಾಗ ಕೀಳಬೇಕು, ಯಾವುದನ್ನು ಹುಳಿಯೊಡನೆ ಬೇಯಿಸದಿದ್ದರೆ ನಾಲಗೆ ತುರಿಸುತ್ತದೆ ಎಂಬ ವಿವರವು ಸೊಪ್ಪಿನ ಜೊತೆಗೇ, ಬೆಲೆಯಿಲ್ಲದೆ, ಕೈಮರುಳುತ್ತದೆ. ಬಿತ್ತದೆ ಬರುವ ಈ ಆಹಾರ ಯಾವ ಇಳುವರಿಯ ಅಂಕಿಅಂಶದಲ್ಲಿಯೂ ಸೇರುವುದಿಲ್ಲ. ಬಡಮನೆಯ ಮಳೆಗಾಲದ ಪೌಷ್ಟಿಕತೆಗೆ ಮಾತ್ರ ಅದು ದೊಡ್ಡ ಆಸರೆ.

6

ಲೆಕ್ಕಕ್ಕೆ ಸಿಗದಿರುವುದರ ಪರಿಣಾಮ ಗಂಭೀರವಾದದ್ದು. 2015–16ರ ಕೃಷಿಗಣತಿಯ ಪ್ರಕಾರ ಭಾರತದಲ್ಲಿ ಮಹಿಳೆಯರು ನಿರ್ವಹಿಸುವ ಹಿಡುವಳಿಗಳು ಶೇಕಡಾ ಸುಮಾರು 14. ಕರ್ನಾಟಕದ ಪಹಣಿಯಲ್ಲಿಯೂ ಮಹಾರಾಷ್ಟ್ರದ ಸಾತ್‌ಬಾರಾ ಉತಾರೆಯಲ್ಲಿಯೂ ಹೆಸರಿಲ್ಲದವಳಿಗೆ ಬೆಳೆಸಾಲ, ಬೆಳೆವಿಮೆ, ಸಹಾಯಧನದ ಬೀಜಗಳು ದೊರೆಯುವುದು ಕಷ್ಟ. ಎರಡೂ ರಾಜ್ಯಗಳು 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟವು. 2005ರ ಕೇಂದ್ರ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರೈತರ ಆಯೋಗದ ಶಿಫಾರಸುಗಳನ್ನು ಅನುಸರಿಸಿ ಬಂದ 2007ರ ರಾಷ್ಟ್ರೀಯ ರೈತನೀತಿಯು, ನೆಲದ ಒಡೆತನವಿಲ್ಲದವರನ್ನೂ ಒಳಗೊಳ್ಳುವಂತೆ ‘ರೈತ’ ಪದದ ವ್ಯಾಖ್ಯೆಯನ್ನು ಹಿಗ್ಗಿಸಿತು. ಮಹಿಳಾ ಕೃಷಿಕರ ಹಕ್ಕುಗಳಿಗಾಗಿ ಸ್ವಾಮಿನಾಥನ್ ಅವರೇ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆ ಕಾನೂನಾಗದೆ 2013ರಲ್ಲಿ ಬಿದ್ದುಹೋಯಿತು. ಕಾಗದದ ಮೇಲಿನ ಹಕ್ಕಿಗೂ ಹೊಲದ ಬದುವಿಗೂ ನಡುವಣ ದೂರ ಇನ್ನೂ ಉಳಿದಿದೆ.

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ಸಮಸ್ಯೆಯಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2011ರ ವರದಿಯಲ್ಲಿ ಅಭಿವೃದ್ಧಿಶೀಲ ದೇಶಗಳ ಕೃಷಿ ದುಡಿಮೆಗಾರರಲ್ಲಿ ಶೇಕಡಾ 43ರಷ್ಟು ಮಹಿಳೆಯರೆಂದು ಹೇಳಿತು. ಬೀಜ, ಗೊಬ್ಬರ, ಸಾಲ, ತಿಳಿವಳಿಕೆಗಳು ಗಂಡಸರಿಗೆ ದೊರೆಯುವಷ್ಟೇ ಅವರಿಗೂ ದೊರೆತರೆ ಅವರ ಹೊಲಗಳ ಇಳುವರಿ ಶೇಕಡಾ 20ರಿಂದ 30ರಷ್ಟು ಹೆಚ್ಚಬಲ್ಲುದು, ಲೋಕದ ಹಸಿದವರ ಸಂಖ್ಯೆ 10ರಿಂದ 15 ಕೋಟಿಯಷ್ಟು ತಗ್ಗಬಲ್ಲುದು ಎಂದು ಅಂದಾಜು ಮಾಡಿತು. ಹೆಣ್ಣು ಕಡಿಮೆ ಬೆಳೆಯುವುದು ಅವಳ ಕೌಶಲದ ಕೊರತೆಯಿಂದಲ್ಲ, ಅವಳಿಗೆ ದೊರೆಯುವ ಸೌಲಭ್ಯದ ಕೊರತೆಯಿಂದ ಎಂಬುದು ಈ ವರದಿಯ ಮುಖ್ಯ ನಿರ್ಣಯ. ವಿಶ್ವಸಂಸ್ಥೆಯ ಮಹಾಸಭೆಯು 2026ನೆಯ ವರ್ಷವನ್ನು ಅಂತಾರಾಷ್ಟ್ರೀಯ ಮಹಿಳಾ ಕೃಷಿಕರ ವರ್ಷವೆಂದು 2024ರಲ್ಲಿ ಘೋಷಿಸಿದ್ದರ ಹಿನ್ನೆಲೆಯೂ ಇದೇ.

7

ಎರಡು ಅರಿವುಗಳು ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು. ಮೊದಲನೆಯದು ಸಹ್ಯಾದ್ರಿಯ ಮಡಿಲಿನ ಅಕೋಲೆ ತಾಲೂಕಿನ ಕೊಂಭಾಳಣೆ ಎಂಬ ಹಳ್ಳಿಯದು. ಮಹಾದೇವ ಕೋಳಿ ಸಮುದಾಯದ ರಾಹೀಬಾಯಿ ಸೋಮಾ ಪೋಪೆರೆ ಅವರು ಶಾಲೆ ಕಲಿತವರಲ್ಲ. ಮನೆಮನೆಗಳಿಂದ ಮರೆಯಾಗುತ್ತಿದ್ದ ನಾಟಿ ಬೀಜಗಳನ್ನು ಅವರು ಕೂಡಿಹಾಕಿದರು. ಬಾಯ್ಫ್ ಸಂಸ್ಥೆ ಅವರ ಬೀಜನಿಧಿಗೆ ನೆರವಾಯಿತು. 2020ನೆಯ ಸಾಲಿನ ಪದ್ಮಶ್ರೀ ಅವರಿಗೆ ಸಂದಿತು. ಅವರು ಉಳಿಸಿದ ಬೀಜಗಳಲ್ಲಿ ಅವರೆಯ ಹಲವು ಬಗೆಗಳಿವೆ. ಸೊಹೊನಿಯವರ ಪ್ರಯೋಗಾಲಯದ ಅವರೆಯೂ ರಾಹೀಬಾಯಿಯವರ ಗಡಿಗೆಯ ಅವರೆಯೂ ಒಂದೇ ಗಿಡದ ಕಾಳುಗಳು. ಒಂದು ಕಡೆ ಅದರ ಒಳಗುಣ ತಿಳಿಯಿತು, ಇನ್ನೊಂದು ಕಡೆ ಅದು ಉಳಿಯಿತು.

ಎರಡನೆಯದು ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ್ದು. ಅಲ್ಲಿಯ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದ ಸದಸ್ಯೆಯರು ಸಿರಿಧಾನ್ಯಗಳ ಬೀಜ ಬ್ಯಾಂಕನ್ನೂ ಧಾನ್ಯ ಸಂಸ್ಕರಣ ಘಟಕವನ್ನೂ ನಡೆಸುತ್ತಿದ್ದಾರೆ. ಸಹಜ ಸಮೃದ್ಧ ಸಂಸ್ಥೆಯ ಒತ್ತಾಸೆ, ಹೈದರಾಬಾದಿನ ಸಿರಿಧಾನ್ಯ ಸಂಶೋಧನ ಸಂಸ್ಥೆಯ ನೆರವುಗಳು ಅವರ ಅನುಭವದೊಡನೆ ಸೇರಿದವು. ನವಣೆ, ಸಾಮೆಗಳ ಹೊಟ್ಟು ಬಿಡಿಸುವ ಬೆನ್ನುಮುರಿಯುವ ಕೆಲಸವೇ ಅವುಗಳ ಬೇಸಾಯ ಕುಗ್ಗಲು ಒಂದು ಕಾರಣವಾಗಿತ್ತು. ಆ ಕಷ್ಟವನ್ನು ಯಂತ್ರವು ಇಳಿಸಿದಾಗ ಬೆಳೆ ಹೊಲಕ್ಕೆ ಮರಳುವುದು ಸಾಧ್ಯವಾಯಿತು. 2025ರಲ್ಲಿ ಈ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ದೊರೆಯಿತು.

8

ಈ ವಿವೇಚನೆಯಿಂದ ಕನ್ನಡ ಅಧ್ಯಯನಕ್ಕೆ ಒದಗುವ ಹೊಣೆಗಳು ಯಾವುವು? ಮೊದಲನೆಯದಾಗಿ, ಒಕ್ಕಲುತನದ ಹೆಣ್ಣಿನ ಮಾತುಗಳ ಸಂಗ್ರಹ. ರಾಗಿಹೊಲದ ‘ಅಕ್ಕಡಿ’ ಸಾಲು ಎಂಬ ಒಂದು ಪದದಲ್ಲಿ ಅವರೆ, ಸಾಸಿವೆ, ಹುಚ್ಚೆಳ್ಳುಗಳನ್ನು ಕೂಡಿ ಬೆಳೆಯುವ ಒಂದು ಶಾಸ್ತ್ರವೇ ಅಡಗಿದೆ. ಬೆಳೆ ಹೋದರೆ ಪದ ಹೋಗುತ್ತದೆ. ಪದ ಹೋದಮೇಲೆ ಬೆಳೆಯನ್ನು ಮರಳಿ ತರುವುದು ಇನ್ನೂ ಕಷ್ಟ. ಎರಡನೆಯದಾಗಿ, ಸಂಶೋಧನೆಯ ಫಲಿತಾಂಶವನ್ನು ಅವಳಿಗೆ ತಿಳಿಯುವ ಕನ್ನಡದಲ್ಲಿ ಮುಟ್ಟಿಸುವುದು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯು ಬೆಳೆಯುವವರ ಕೈಗೇ ಲೇಖನಿ ಕೊಟ್ಟು ಈ ದಾರಿಯಲ್ಲಿ ಮಾದರಿಯಾಯಿತು. ಅದೇ ದಾರಿಯಲ್ಲಿ ಓದುಬರಹ ಬಾರದ ಒಕ್ಕಲಗಿತ್ತಿಯ ಹೇಳಿಕೆಯೂ ದಾಖಲಾಗಬೇಕು. ಮೂರನೆಯದಾಗಿ, ಮುಂಬಯಿಯ ಕನ್ನಡಿಗರಿಗೆ ಒಂದು ವಿಶೇಷ ಅನುಕೂಲವಿದೆ. ತಗಚೆ, ತಜಂಕ್, ಟಾಕಳಾಗಳು ಒಂದೇ ಬುಟ್ಟಿಯಲ್ಲಿ ಸಿಗುವ ಊರು ಇದು. ಮೂರು ನುಡಿಗಳ ಸಸ್ಯನಾಮಗಳನ್ನೂ ಅವುಗಳ ಬಳಕೆಯ ಕ್ರಮವನ್ನೂ ಮಾರುವ ಹೆಂಗಸರಿಂದಲೇ ಕೇಳಿ ಬರೆದಿಡುವ ಕ್ಷೇತ್ರಕಾರ್ಯಕ್ಕೆ ಇಲ್ಲಿಯ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ.

ಟ್ರಾಂಬೆಯ ತಳಿಗೆ ಅಕ್ಷರಗಳಲ್ಲಿಯೂ ಅಂಕಿಗಳಲ್ಲಿಯೂ ಹೆಸರಿದೆ. ಅದನ್ನು ಬಿತ್ತಿ, ಬಿಡಿಸಿ, ಆರಿಸಿ, ಮುಂದಿನ ಮಳೆಗೆ ಕಾಪಾಡುವವಳಿಗೆ ಕಡತದಲ್ಲಿ ಹೆಸರಿಲ್ಲ. ಆ ಹೆಸರು ಪಹಣಿಗೆ ಬರಬೇಕಾದುದು ಕಾನೂನಿನ ಕೆಲಸ, ಪ್ರಯೋಗಾಲಯದ ಪ್ರಶ್ನೆಗಳಲ್ಲಿ ಬರಬೇಕಾದುದು ವಿಜ್ಞಾನದ ಕೆಲಸ, ನುಡಿಯಲ್ಲಿ ಬರಬೇಕಾದುದು ಕನ್ನಡ ವಿಭಾಗಗಳ ಕೆಲಸ. ಮೂರೂ ಜೊತೆಯಾಗಿ ನಡೆದಾಗ ಮಾತ್ರ ಆಹಾರ ಭದ್ರತೆಯೆಂಬುದು ವರದಿಗಳಿಂದ ಇಳಿದು ತಟ್ಟೆಗೆ ಬಂದೀತು.